ಓವನ್ನಿನಲ್ಲಿ ಬೆಂದ ಬೋಲ್ಟುಗಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ಎರಡು ತಿಂಗಳಿಂದ ಕಾಗದವೇ ಇಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದೀಯಂತೆ, ಅತ್ತಿಗೆ ಹೇಳಿದರು. ಬೈಯಬೇಡ, ಕಾರಣ ಕೇಳಿದರೆ ನೀನೇ ಕುಣಿಯುತ್ತೀಯ. ನಿನ್ನ ಬೈಕು ಬಿಚ್ಚಿದ್ದೇನೆ! ಏಳು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತಲ್ಲ, ಅದೇ. ಎಂಜಿನ್ ಮೆಕ್ಯಾನಿಕ್ಕನ ಪಾಲು, ಟ್ಯಾಂಕು ಪೇಂಟರನ ಪಾಲು. ನಟ್ಟು, ಬೋಲ್ಟು, ವಾಷರು ಮಾತ್ರ ಯಾರ ಕೈಗೂ ಕೊಡಲಿಲ್ಲ. ಅವೆಲ್ಲ ನನ್ನವು.

ದರ್ಜಿ ಬುದ್ಧಿ ಎಲ್ಲಿಗೆ ಹೋದೀತು ಹೇಳು. ಅಂಗಡಿಯಿಂದ ದೊಡ್ಡ ರಟ್ಟೊಂದನ್ನು ತಂದು, ಸೀಮೆಸುಣ್ಣದಲ್ಲಿ ಗಾಡಿಯ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲಲ್ಲೇ ಚುಚ್ಚಿಟ್ಟೆ. ರಟ್ಟು ಈಗ ಊಟದ ಮೇಜಿನ ಮೇಲಿದೆ. ಮೂರು ವಾರದಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ.

ತುಕ್ಕು ಹಿಡಿದದ್ದನ್ನು ಎರಡು ದಿನ ವಿನಿಗರಿನಲ್ಲಿ ನೆನೆಹಾಕಬೇಕು. ಆಮೇಲೆ ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಡ್ರಿಲ್ಲಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತಾ ಒರಟು ಎಮೆರಿ ಕಾಗದ ಹಿಡಿದು ಉಜ್ಜಬೇಕು. ಅಬ್ಬಾ, ಆ ಕೊಳೆಯೆಲ್ಲ ಉದುರಿ ಬೋಲ್ಟಿನ ತಲೆಯ ಮೇಲೆ ಅಂಕಿ ಕಾಣಿಸಿಕೊಳ್ಳುತ್ತದಲ್ಲ, ಆ ಖುಷಿ! ಮೊದಲ ಸಲ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯಾಕೆ ಹಾವು ಬಂತೇನೋ ಅಂತ ಕೋಲು ಹಿಡಿದು ಓಡಿ ಬಂದಳು.

ಸತುವಿನ ಲೇಪ ಹಾಕುವ ಮುದುಕನೊಬ್ಬ ಸಿಕ್ಕಿದ್ದಾನೆ. ಮಾತೆತ್ತಿದರೆ ಗೊಣಗುತ್ತಾನೆ, ಅದಕ್ಕೆ ಬೆನ್ನ ಹಿಂದೆ ಗೊಣಗಪ್ಪ ಅಂತಲೇ ಕರೆಯುತ್ತೇನೆ. "ಹೊಸದು ತಗೊಂಡ್ರೆ ಪಳಪಳ ಅನ್ನುತ್ತೆ. ಈ ಹಳೇ ಕಬ್ಬಿಣ ಯಾಕಮ್ಮಾ ನನ್ನ ತಲೆಗೆ ಕಟ್ತೀರಾ?" ಅಂದ. "ನಿಮ್ಮ ಪಳಪಳ ಬೋಲ್ಟಿನ ತಲೆ ಮೇಲೆ ಅಂಕಿ ಇದ್ಯಾ?" ಅಂದೆ. ಅಷ್ಟೇ, ವರಸೆಯೇ ಬದಲಾಯಿತು. ಸ್ಟೂಲು ಎಳೆದು ಕೂರಿಸಿದ. ಆ ಅಂಕಿ ಬೋಲ್ಟಿನ ಶಕ್ತಿಯ ಗುರುತು ಅಂತ ತಿಳಿದವರು ಅವನ ಅಂಗಡಿಗೆ ಬರುವುದೇ ಅಪರೂಪವಂತೆ. ಗಟ್ಟಿ ಬೋಲ್ಟುಗಳಿಗೆ ಲೇಪ ಹಾಕಿದ ಕೂಡಲೇ ನಾಲ್ಕು ಗಂಟೆ ಬಿಸಿಯಲ್ಲಿಡಬೇಕಂತೆ, ಇಲ್ಲದಿದ್ದರೆ ಒಳಗೊಳಗೇ ಪೆಡಸಾಗಿ ಒಂದು ದಿನ ಪಟ್ಟನೆ ಮುರಿಯುತ್ತವಂತೆ. ಅವತ್ತೇ ಅವನ ಒಲೆ ಕೆಟ್ಟಿತ್ತು! ಹದಿನಾರು ಬೋಲ್ಟನ್ನು ಡಬ್ಬಿಗೆ ಸುರಿದುಕೊಂಡು, ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿ ಬಂದು, ನಮ್ಮ ಕೇಕಿನ ಓವನ್ನಿಗೇ ಹಾಕಿದೆ. ಇವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಬೆಂತಾ? ಚಾಕು ಚುಚ್ಚಿ ನೋಡ್ಲಾ?" ಅಂತ ಕೇಳುತ್ತಾರೆ. ನೀನೂ ನಗುತ್ತಿದ್ದೀಯ, ಗೊತ್ತು. ನಗು.

ಬರುವ ಭಾನುವಾರ ಎಂಜಿನ್ ಬಂದು ಕೂರುತ್ತದೆ. ಮೊದಲ ಕಿಕ್ಕು ನೀನೇ ಹೊಡೆಯಬೇಕು ಅಣ್ಣಾ. ಮಡಚಲು ಬಾರದ್ದು ಎಡ ಮಂಡಿ, ಕಿಕ್ಕು ಹೊಡೆಯುವುದು ಬಲಗಾಲು, ಹಾಗಾಗಿ ನೆಪ ಹೇಳಬೇಡ. ಗಾಡಿ ಕಲಿಸಿ ಅಂತ ಇಬ್ಬರು ಹುಡುಗಿಯರು ನಿನ್ನನ್ನು ಹುಡುಕಿಕೊಂಡು ಬಂದಿದ್ದರಂತೆ. "ಬ್ರೇಕ್ ಹಾಕೋಕೆ ಬರದೆ ಬಿದ್ದೋನು ನಿಮಗೇನು ಕಲಿಸ್ಲಿ" ಅಂತ ವಾಪಸ್ಸು ಕಳಿಸಿದೆಯಂತೆ. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವನು ನೀನು. ನೀನು ಪುಸ್ತಕದಂಗಡಿಯಲ್ಲಿ ಪೆನ್ಸಿಲು ಮಾರುತ್ತಾ ಕೂರುವುದೇ?

ಅತ್ತಿಗೆಗೆ ನಮಸ್ಕಾರ, ನಿನ್ನ ಮಗಳಿಗೆ ಎರಡು ಕೆನ್ನೆಗೂ ಮುತ್ತು. ದೇವರು ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಕುಳ್ಳಿ

ಇನ್ನೊಂದು ಮಾತು: ಇದನ್ನು ಬರೆಯದೆ ಲಕೋಟೆಗೆ ಅಂಟು ಹಚ್ಚಿಬಿಟ್ಟಿದ್ದೆ, ಮತ್ತೆ ಬಿಡಿಸಿದೆ. ನೀನು ಬೀಳುವ ಹಿಂದಿನ ದಿನ, ನಿನ್ನ ಹುಟ್ಟುಹಬ್ಬಕ್ಕೆ ಗಾಡಿ ಮಿಂಚಬೇಕು ಅಂತ ನಿನಗೆ ಹೇಳದೆ ತೊಳೆದು ಒರೆಸಿದ್ದೆ. ಹಿಂದಿನ ಬ್ರೇಕನ್ನು ಹಿಡಿದಿಡುವ ಪಟ್ಟಿಯ ಬೋಲ್ಟೊಂದು ತುಕ್ಕು ಹಿಡಿದು ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಕಿತ್ತು, ನನ್ನ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡಿನ ಹೊಳೆಯುವ ಬೋಲ್ಟು ಹಾಕಿದೆ. ಅಳತೆ ಸರಿಯಾಗಿ ಕೂತಿತು, ಚೆಂದವೂ ಕಂಡಿತು. ಬೋಲ್ಟಿನಲ್ಲಿ ಗಟ್ಟಿ, ಮೆತ್ತಗೆ ಅಂತ ಇರುತ್ತದೆ ಅನ್ನುವುದೇ ಆಗ ನನಗೆ ಗೊತ್ತಿರಲಿಲ್ಲ. ನೀನು ಬಿದ್ದ ಸಂಜೆ ಗಾಡಿಯನ್ನು ಶೆಡ್ಡಿಗೆ ತಂದಿಟ್ಟಾಗ ಬಗ್ಗಿ ನೋಡಿದೆ. ನಾನು ಹಾಕಿದ ಬೋಲ್ಟು ಎರಡು ತುಂಡಾಗಿತ್ತು. ಮಾರನೇ ದಿನ ಆಸ್ಪತ್ರೆಯಲ್ಲಿ ನೀನು "ನಾನೇ ತಪ್ಪಾಗಿ ಬ್ರೇಕ್ ಹಾಕಿದೆ" ಅಂದೆ. ನಾನು ಹಾಸಿಗೆಯ ಪಕ್ಕ ನಿಂತು ಹೌದು ಅಂತ ತಲೆಯಾಡಿಸಿದೆ. ಆಮೇಲೆ ಏಳು ವರ್ಷ ಬಾಯಿ ಬಿಡಲಿಲ್ಲ.

ಭಾನುವಾರ ನೀನು ಬರದಿದ್ದರೆ ಯಾಕೆ ಅಂತ ಕೇಳುವುದಿಲ್ಲ. ಬೈದು ಬರೆದರೂ ಸರಿ, ಬರೆಯದಿದ್ದರೂ ಸರಿ. ಆ ಹುಡುಗಿಯರನ್ನು ಮಾತ್ರ ಕರೆಸಿ ಕಲಿಸು ಅಣ್ಣಾ. ನೀನು ಬ್ರೇಕ್ ಸರಿಯಾಗಿಯೇ ಹಾಕಿದ್ದೆ.