ಗುಡ್ಡೆಯ ಮೂಡು ಬದಿ

ಶ್ರೀಕಾರ್ಯಂ, ತಿರುವನಂತಪುರ
೧೪ ಜೂನ್ ೨೦೨೫

ಪ್ರೀತಿಯ ಸುಮಿತ್ರಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಶಾಲೆ ತೆರೆದು ಎರಡು ವಾರವಾಯಿತು. ಈ ವರ್ಷವೂ ಮಹಡಿಯ ತರಗತಿಯನ್ನೇ ಕೊಟ್ಟಿದ್ದರೆ ಹೆಡ್‌ಮಾಸ್ಟರಿಗೆ ಹೇಳು, ಸಂಕೋಚ ಬೇಡ. ನಾವಿಲ್ಲಿ ಕ್ಷೇಮ. ಪತ್ರ ಶಾಲೆಯ ವಿಳಾಸಕ್ಕೆ ಬಂದದ್ದು ನಿನಗೆ ಆಶ್ಚರ್ಯವಾಗಿರಬಹುದು. ಫೋನು ಮಾಡಬಹುದಿತ್ತು; ಆದರೆ ಮನೆಯಲ್ಲಿ ನಿನ್ನ ಫೋನನ್ನು ಮೊದಲು ಎತ್ತುವವಳು ನೀನಲ್ಲ.

ನೀನು ಹೇಳಿದಂತೆ ಕೊಚ್ಚಿಗೆ ಹೋಗಿ, ಅಮ್ಮ ನಿನ್ನ ಹೆಸರಿಗೆ ಬರೆದಿಟ್ಟ ಕಾಸರಗೋಡಿನ ಹುಲ್ಲುಗುಡ್ಡೆಯ ಕಡತವನ್ನು ಆ ಕಂಪನಿಯ ಕಚೇರಿಯಲ್ಲೇ ಕುಳಿತು ಪೂರ್ತಿ ಓದಿದೆ. ಕೃಷ್ಣಾನಂದ ಭಾವ ಉತ್ಸಾಹದಿಂದ ತಂದ ಯೋಜನೆ. 'ನಿನ್ನ ತಮ್ಮನಿಗೆ ಮಣ್ಣು ಕಂಡ್ರೂ ಸಂಶಯ' ಎಂದು ಅವರು ನಗುವುದು ಗೊತ್ತು. ಮಣ್ಣು ಪರೀಕ್ಷಿಸುವುದೇ ನನ್ನ ಉದ್ಯೋಗ. ಕರಾರಿನ ಪ್ರಕಾರ ನಲವತ್ತು ವರ್ಷ ಗುಡ್ಡೆಗೆ ದನ ಬಿಡಬಾರದು. ಅಲ್ಲಿ ಕಂಪನಿಯವರು ನಮ್ಮ ನಾಡಿನ ಮರಗಳ ಕಾಡು ಬೆಳೆಸಿ, ಆ ಕಾಡು ಹೀರುವ ಇಂಗಾಲಕ್ಕೆ ಕಾರ್ಬನ್ ಕ್ರೆಡಿಟ್ ಪಡೆದು ಹೊರದೇಶದ ಕಾರ್ಖಾನೆಗಳಿಗೆ ಮಾರುತ್ತಾರೆ, ನಿನಗೊಂದು ಪಾಲು. ಕಾಡಿಗೆ ನನ್ನ ಆಕ್ಷೇಪವಿಲ್ಲ. ಆದರೆ ತಾನಾಗಿ ಬೆಳೆಯುತ್ತಿರುವ ಕಾಡಿಗೆ ಕ್ರೆಡಿಟ್ ಸಿಗುವುದಿಲ್ಲ. ನೆಲ ಬರಿದಾಗಿದೆಯೆಂದು ಮೊದಲು ತೋರಿಸಬೇಕು.

ಕಡತದಲ್ಲಿ ಏಪ್ರಿಲ್ ಒಂಬತ್ತರ ಫೋಟೊ ಇದೆ. ಗುಡ್ಡೆಯ ಮೂಡು ಬದಿ ಪೂರ್ತಿ ಕಪ್ಪು, ಒಂದು ಗಿಡವಿಲ್ಲ. ಹೋದ ಡಿಸೆಂಬರಿನಲ್ಲಿ ನಾನೂ ನಿನ್ನ ಮಗಳೂ ಅಲ್ಲೇ ಹಗ್ಗ ಹಿಡಿದು ನೇರಳೆ, ಕುಂಟಾಲ, ಮರುವ ಎಂದು ಇನ್ನೂರ ಹನ್ನೊಂದು ಗಿಡ ಎಣಿಸಿದ್ದೆವು. ಕೆಲವು ಅವಳ ಸೊಂಟದೆತ್ತರ. ('ಸಾಕು ಮಾವಾ, ಗಿಡಗಳಿಗೇ ಬೋರಾಗ್ತದೆ' ಎಂದಿದ್ದಳು ಪ್ರತೀಕ್ಷಾ.) ನಾವು ಹುಲ್ಲಿಗೆ ಬೆಂಕಿ ಕೊಡುವುದು ಕುಂಭ ಮಾಸದಲ್ಲಿ, ಮಾರ್ಚ್ ನಡುವಿನೊಳಗೆ, ಅದೂ ಪಡು ಬದಿಗೆ ಮಾತ್ರ. ಕಿಡಿ ಮೂಡು ಬದಿಗೆ ದಾಟದಂತೆ ಅಮ್ಮ ಹಸಿ ಸೊಪ್ಪಿನ ಕೊಂಬೆ ಹಿಡಿದು ನಡುವೆ ನಿಲ್ಲುತ್ತಿದ್ದದ್ದು ನಿನಗೆ ನೆನಪಿರಬೇಕು. ಗಿಡಗಳ ಲೆಕ್ಕವನ್ನಷ್ಟೇ ಹೇಳಿ, ಫೋಟೊದಲ್ಲಿ ಈ ಬದಿ ಕಪ್ಪಾಗಿದೆಯಲ್ಲ ಎಂದಾಗ ಕಂಪನಿಯ ಅಧಿಕಾರಿ, ಮಂಗಳೂರಿನ ಅಲ್ವಿನ್, ಚಹಾ ತರಿಸಿದರು. 'ನಮ್ಮ ಸರ್ವೆಯವರು ಹೋದಾಗ ಹಾಗೇ ಇತ್ತು ಮಾರಾಯ್ರೇ. ಸುಟ್ಟದ್ದು ಯಾರೂಂತ ನಾವು ಕೇಳ್ಲಿಕ್ಕೆ ಹೋಗುದಿಲ್ಲ' ಎಂದರು. ಸುಟ್ಟದ್ದೆಂದು ನಾನು ಇನ್ನೂ ಹೇಳಿರಲಿಲ್ಲ. ಕಪ್ಪಾಗಿದೆ ಎಂದಷ್ಟೇ ಹೇಳಿದ್ದೆ.

ನಮ್ಮ ಗುಡ್ಡೆಯಲ್ಲೇ ಮೇಯುವ ಇಬ್ರಾಹಿಮನ ಏಳು ದನಗಳ ಬಗ್ಗೆಯೂ ಯೋಚಿಸು. ಅಮ್ಮ ತೀರಿಹೋದ ವರ್ಷ ಅವನು ಅಂಗಳದಲ್ಲಿ ನಿಂತು 'ಇನ್ನು ಟೀಚರಲ್ಲಿ ಕೇಳ್ಬೇಕಾ?' ಎಂದಾಗ, 'ನಿನ್ನ ದನಕ್ಕೆ ದಾರಿ ಗೊತ್ತುಂಟಲ್ಲ' ಎಂದವಳು ನೀನೇ.

ಪ್ರತೀಕ್ಷಾಳಿಗೆ ನನ್ನ ಆಶೀರ್ವಾದ. ನಿನಗೆ ನನ್ನ ಮತ್ತು ಮೋಹಿನಿಯ ನಮಸ್ಕಾರಗಳು.

ನಿನ್ನ ತಮ್ಮ,
ಮನೋಜ

ಮತ್ತೆ: ಫೋಟೊದ ಬಲಮೂಲೆಯಲ್ಲಿ ಒಬ್ಬರು ಬೆನ್ನು ತಿರುಗಿಸಿ ನಿಂತಿದ್ದಾರೆ, ಎಡಗೈಯಲ್ಲಿ ಸೊಪ್ಪಿನ ಕೊಂಬೆ. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ. ಹೆಗಲ ಬೈರಾಸಿಗೆ ಎರಡು ನೀಲಿ ಪಟ್ಟಿ, ನಡುವೆ ಕೆಂಪು. ಹೋದ ಓಣಂಗೆ ಚಾಲೈ ಪೇಟೆಯಿಂದ ಭಾವನಿಗೆಂದು ನಾನೇ ತಂದದ್ದು. ನನ್ನ ಕಣ್ಣು ತಪ್ಪಿರಲಿ. ಇಪ್ಪತ್ತನೇ ತಾರೀಕಿಗೆ ಕರಾರಿಗೆ ಸಹಿ ಹಾಕುವ ಮೊದಲು ಗುಡ್ಡೆಗೊಮ್ಮೆ ಹೋಗು, ಒಬ್ಬಳೇ. ಮಳೆ ಬಿದ್ದಿದೆ, ಸುಟ್ಟ ಬುಡಗಳು ಚಿಗುರಿರಬೇಕು.