ಕೆಂಧೂಳಿಲ್ಲದ ಫಿಲ್ಟರ್

ಹೊಸಪೇಟೆ
12-2-2006

ರೇವಣಸಿದ್ದ ಅವರಿಗೆ,

ಗಂಗಾಂಬಿಕಾ ಮಾಡುವ ನಮಸ್ಕಾರಗಳು. ಗಂಡನ ಹೆಸರು ಹಿಡಿದು ಬರೆದೆನೆಂದು ಸಿಟ್ಟಾಗಬೇಡಿ. ‘ಯಜಮಾನರಿಗೆ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಾನಿಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮಸಮಾಚಾರವನ್ನೆಲ್ಲ ನೀವು ಕಳಿಸಿದ ಕಾರ್ಬ್ಯುರೇಟರ್ ಹೇಳಿತು.

ನಿಮ್ಮ ಗೆಳೆಯ ಪಾಲಪ್ಪ ನಿನ್ನೆ ಲಾರಿ ನಿಲ್ಲಿಸಿ ಗೋಣಿಚೀಲ ಕೊಟ್ಟುಹೋದ. ಒಳಗೆ ಕಾರ್ಬ್ಯುರೇಟರ್, ಅದರ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಜೊತೆಗೆ ನಿಮ್ಮ ಚೀಟಿ. ‘ಗಾಡಿ ನಿಂತಲ್ಲೇ ಆಫ್ ಆಗ್ತದ. ಹೊಗಿ ಭಾಳ. ಇಲ್ಲಿ ಯಾರಿಗೂ ಗೊತ್ತಾಗವಲ್ದು. ಜಲ್ದಿ ಸರಿ ಮಾಡಿ ಕಳಿಸು.’ ಎರಡು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಅಕ್ಷರಗಳು ಇವು. ‘ಹೆಂಗಿದ್ದೀ’ ಎಂಬ ಒಂದು ಮಾತಾದರೂ ಇದ್ದೀತೆಂದು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹಿಂದೆ ಗ್ರೀಸಿನ ಕಲೆ ಇತ್ತು.

ಅಲ್ಲಿಯವರಿಗೆ ಗೊತ್ತಾಗದಿದ್ದರೆ ತಪ್ಪೇನಿಲ್ಲ. ಹಳೆಯ ಯೆಜ್ಡಿ ಬೈಕನ್ನು ಪೂರಾ ಬಿಚ್ಚಿ, ಸೈಲೆನ್ಸರ್ ಮೇಲೆತ್ತಿ, ಹಲ್ಲಿನ ಟೈರು ಹಾಕಿ ಗುಡ್ಡ ಹತ್ತಲೆಂದೇ ನನ್ನ ಅಪ್ಪ ಕಟ್ಟಿದ ಗಾಡಿ ಅದು. ಸಂಡೂರಿನ ಗುಡ್ಡಗಳಲ್ಲಿ ಓಡಿಸುತ್ತಿದ್ದವನು ಅವನು. ಆ ಸದ್ದಿಗೆ ಅವನ ಕಿವಿ ಮಂದವಾಗಿ, ಶೆಡ್ಡಿನಲ್ಲಿ ಎಂಜಿನ್ನಿನ ಸ್ವರ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅವನು ಸ್ಕ್ರೂ ತಿರುಗಿಸುತ್ತಿದ್ದ, ನಾನು ಸಾಕು ಅನ್ನುತ್ತಿದ್ದೆ. ಸಾಯುವ ಮುಂಚೆ ಎಲ್ಲರ ಎದುರು, “ಇದು ಗಂಗಿದು. ಯಾರೂ ಮುಟ್ಟಬ್ಯಾಡ್ರಿ” ಎಂದ. ನೀವು ಅವನ ತಲೆದೆಸೆಯಲ್ಲೇ ನಿಂತಿದ್ದಿರಿ. ಆಮೇಲೆ ಗಣಿಯ ದಾರಿಗೆ ಬೇರೆ ಗಾಡಿ ನಡೆಯುವುದಿಲ್ಲವೆಂದು ಕೇಳಿದಿರಿ, ನಾನೇ ಕೀ ಕೊಟ್ಟೆ.

ಸಂಡೂರಿನ ಗಣಿಯಲ್ಲಿ ಸೂಪರ್‌ವೈಸರ್ ಕೆಲಸ, ರಜೆಯಿಲ್ಲ, ಗುಡ್ಡದ ಮೇಲೆ ಮೊಬೈಲ್ ಹತ್ತುವುದಿಲ್ಲ ಎಂದಿರಿ. ಅರ್ಧ ಹೊಸಪೇಟೆಯೇ ಅದಿರಿನ ಹಿಂದೆ ಬಿದ್ದಿತ್ತು, ಯಾರ ಮನೆಯ ಗಂಡಸು ತಾನೇ ಮನೆಯಲ್ಲಿದ್ದ? ನಂಬಿದೆ. ಧೂಳು ಗಂಟಲಿಗೆ ಇಳಿಯುತ್ತದೆ, ದಿನಾ ಒಂದು ತುಂಡು ಬಾಯಿಗೆ ಹಾಕಿಕೊಳ್ಳಲಿ ಎಂದು ಪಾಲಪ್ಪನ ಕೈಯಲ್ಲಿ ಬೆಲ್ಲ ಕಳಿಸುತ್ತ ಬಂದೆ. ಯಾರ ಮನೆಯ ಹೋಳಿಗೆಗೆ ಹೋಯಿತೋ ಆ ಬೆಲ್ಲ.

ಚೀಲ ಬಿಚ್ಚಿ ಮೊದಲು ಫಿಲ್ಟರ್ ಎತ್ತಿಕೊಂಡೆ. ಸಂಡೂರಿಂದ ಬಂದದ್ದು ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಿರಿನ ಧೂಳಿಗೆ ಅಲ್ಲಿಂದ ಬಂದ ಮೇಕೆಯೂ ಕೆಂಪು, ಅಲ್ಲಿಗೆ ಮದುವೆಗೆ ಹೋಗಿ ಬಂದವರ ಬಿಳಿ ಅಂಗಿಯೂ ಕೆಂಪು. ಅಪ್ಪನ ಫಿಲ್ಟರ್ ತೊಳೆದರೆ ಬಕೆಟ್ಟೆಲ್ಲ ಓಕುಳಿಯಾಗುತ್ತಿತ್ತು. ನೀವು ಕಳಿಸಿದ್ದನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡಿದೆ. ಕೆಂಪು ಒಂದು ಚೂರೂ ಇಳಿಯಲಿಲ್ಲ. ತೌಡು ಇಳಿಯಿತು. ಸ್ಪಂಜಿನ ಸಂದಿಯಲ್ಲಿ ಭತ್ತದ ಹೊಟ್ಟು ಸಿಕ್ಕಿಕೊಂಡಿತ್ತು. ಸಂಡೂರಿನ ಗಣಿಯಲ್ಲಿ ಭತ್ತ ಅಗೆಯುವುದನ್ನು ಯಾವಾಗ ಶುರು ಮಾಡಿದರು, ನನಗೆ ತಿಳಿಯದು.

ಪ್ಲಗ್ ನೋಡಿದೆ. ಗುಡ್ಡ ಹತ್ತುವ ಗಾಡಿಯ ಪ್ಲಗ್ ಹುರಿಗಡಲೆ ಸಿಪ್ಪೆಯ ಬಣ್ಣಕ್ಕೆ ಬಂದಿರುತ್ತದೆ. ಇದು ಕಾಡಿಗೆಯಂತೆ ಕಪ್ಪಾಗಿತ್ತು. ಸಂಜೆ ಹೊತ್ತು, ಹಿಂದೆ ಒಬ್ಬಳನ್ನು ಕೂರಿಸಿಕೊಂಡು, ಪೇಟೆಯಲ್ಲಿ ಮೆಲ್ಲಗೆ ಸುತ್ತಿದ ಪ್ಲಗ್ ಎಂದುಕೊಂಡೆ. ಫಿಲ್ಟರ್ ಕಟ್ಟಿಕೊಂಡರೂ ಪ್ಲಗ್ ಕಪ್ಪಾಗುತ್ತದೆ, ನನಗೆ ಗೊತ್ತು. ಹಿಂದೆ ಕೂತವಳನ್ನು ತೋರಿಸಿದ್ದು ನನ್ನ ಹೊಟ್ಟೆಯುರಿ.

ಇವತ್ತು ಬೆಳಿಗ್ಗೆ ಪಾಲಪ್ಪ ಕಾರ್ಬ್ಯುರೇಟರ್ ಒಯ್ಯಲು ಬಂದಾಗ, ಕಂಪ್ಲಿಯಲ್ಲಿ ಯಾವ ಮಿಲ್ಲು ಎಂದಷ್ಟೇ ಕೇಳಿದೆ. ಇಷ್ಟು ಹೊಟ್ಟು ಹಾರುವ ಊರು ಇನ್ನಾವುದಿದೆ? “ಅಕ್ಕಾ, ನನ್ನ ಕೇಳಬ್ಯಾಡ್ರಿ” ಎಂದವನು ಆಮೇಲೆ ಎಲ್ಲ ಹೇಳಿದ. ನೀವು ಅಲ್ಲಿ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಂತೆ. ಮಿಲ್ಲಿನ ಹಿಂದೆಯೇ ಮನೆಯಂತೆ. ಮನೆಯಲ್ಲಿ ಒಬ್ಬರು ಇದ್ದಾರಂತೆ. ಸಂಡೂರಿನ ಗಣಿಗೆ ನೀವು ಒಂದು ದಿನವೂ ಹೋಗಿಯೇ ಇರಲಿಲ್ಲವಂತೆ.

ಫಿಲ್ಟರನ್ನು ನೀವೇ ತೊಳೆದುಕೊಂಡಿದ್ದರೆ ಗಾಡಿಯೂ ನಿಲ್ಲುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಇನ್ನೆಷ್ಟು ದಿನ ಬೆಲ್ಲ ಕಳಿಸುತ್ತಿದ್ದೆನೋ.

ಇನ್ನು ನೀವು ಕೇಳಿದ ವಿಷಯ. ಜೆಟ್ಟುಗಳನ್ನು ಊದಿ ಸ್ವಚ್ಛ ಮಾಡಿದ್ದೇನೆ. ಕಾರ್ಬ್ಯುರೇಟರ್ ಕೂರಿಸಿ, ಎಂಜಿನ್ ಬಿಸಿಯಾಗಲು ಬಿಡಿ. ಏರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ತೆರೆಯಿರಿ. ಆಮೇಲೆ ಚೂರು ಚೂರೇ ಹಿಂದೆ ಮುಂದೆ ಮಾಡುತ್ತ ಕಿವಿಗೊಟ್ಟು ಕೇಳಿ. ಎಂಜಿನ್ನು ತಡವರಿಸುವುದು ಬಿಟ್ಟು ಒಂದೇ ಸಮ ಏರಿ ನಿಲ್ಲುವ ಜಾಗ ಒಂದಿರುತ್ತದೆ. ಅಲ್ಲಿ ಕೈ ತೆಗೆಯಬೇಕು. ನಿಮಗೆ ಅದು ಕೇಳಿಸಲಾರದು. ಅಪ್ಪನ ಕಿವಿ ಸದ್ದಿಗೆ ಹೋಯಿತು. ನಿಮ್ಮ ಕಿವಿ ನೆಟ್ಟಗಿದ್ದೂ, ಈ ಮನೆಯಲ್ಲಿದ್ದಷ್ಟು ದಿನ ನಾನಾಡಿದ್ದು ಏನು ಕೇಳಿಸಿತ್ತು?

ವಾಪಸು ಬನ್ನಿ ಎಂದು ಕರೆಯುತ್ತಿಲ್ಲ. ಕರೆಯುವ ಆಸೆ ನಿನ್ನೆ ಮಧ್ಯಾಹ್ನದವರೆಗೂ ಇತ್ತು, ಸುಳ್ಳೇಕೆ ಹೇಳಲಿ. ಈಗ ಅಪ್ಪನ ಗಾಡಿಯೊಂದೇ ನನಗೆ ಬೇಕು. ತಂದು ಬಾಗಿಲಲ್ಲಿ ನಿಲ್ಲಿಸಿ ಹೋಗಿ, ಒಳಗೆ ಬರುವುದು ಬೇಡ.

ಇಂತಿ,
ಮೆಕ್ಯಾನಿಕ್ ಕೊಟ್ರಯ್ಯನ ಮಗಳು
ಗಂಗಾಂಬಿಕಾ

ಮತ್ತೆ: ಮೇಲಿನದೆಲ್ಲ ಮನೆಯಲ್ಲಿ ಬರೆದದ್ದು. ನೀವು ಗಾಡಿ ತಂದುಕೊಡುವವರಲ್ಲ ಎಂದು ಬರೆದು ಮುಗಿಸಿದ ಮೇಲೆ ಹೊಳೆಯಿತು. ಪತ್ರಕ್ಕೆಂದು ಕಾದಿದ್ದ ಪಾಲಪ್ಪನ ಲಾರಿಯಲ್ಲಿ ನಾನೇ ಬಂದೆ. ಇದನ್ನು ನಿಮ್ಮ ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನೀವು ಮಿಲ್ಲಿನಲ್ಲಿದ್ದೀರಿ.

ಬಾಗಿಲು ತೆರೆದವಳ ಹೆಸರು ಶೈಲಶ್ರೀ ಅಂತೆ. ಹೊಸಪೇಟೆಯಿಂದ ಗಾಡಿ ರಿಪೇರಿಗೆ ಬಂದವಳು ಎಂದೆ, ಅದು ಸುಳ್ಳಲ್ಲವಲ್ಲ. ಹೆಂಗಸು ಮೆಕ್ಯಾನಿಕ್ಕೆಂದು ಬಾಯಿಗೆ ಸೆರಗು ಹಿಡಿದು ನಕ್ಕು, ಕೀ ತಾನೇ ತಂದುಕೊಟ್ಟಳು. ಕಾರ್ಬ್ಯುರೇಟರ್ ಕೂರಿಸಿದೆ. ಒಂದೂವರೆ ಸುತ್ತಿಗಿಂತ ಕೂದಲೆಳೆ ಹೆಚ್ಚು, ಅಲ್ಲಿ ಸ್ವರ ನಿಂತಿತು. ಆಕೆ ಹತ್ತಿರ ಬಂದು ಟ್ಯಾಂಕು ಸವರಿ, “ಇದು ನಮ್ಮನಿಯವರ ಅಪ್ಪ ಕಟ್ಟಿದ ಗಾಡಿ ಅಂತ್ರಿ. ಸಾಯೋ ಮುಂದ ಇವರ ಕೈಗೆ ಕೊಟ್ಟು ಹೋದ್ರಂತ” ಎಂದಳು.

ಹೆಂಡತಿ ಸತ್ತಿದ್ದಾಳೆಂದು ಹೇಳಿಕೊಂಡಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಅಪ್ಪನನ್ನೂ ಕದ್ದಿರಲ್ಲ.

ಆಕೆ ಈಗ ಒಳಗೆ ಚಹಾ ಕಾಯಿಸುತ್ತಿದ್ದಾಳೆ. “ಬೆಲ್ಲದ್ದು ನಡೀತದಲ್ರಿ? ಮನ್ಯಾಗ ಹೊಸಪ್ಯಾಟಿ ಬೆಲ್ಲ ಐತಿ” ಎಂದು ಕೇಳಿದಳು. ನಡೆಯುತ್ತದೆ ಎಂದೆ. ಕುಡಿದು, ಅಪ್ಪನ ಗಾಡಿ ಹತ್ತಿ, ಬುಕ್ಕಸಾಗರದ ಮೇಲೆ ಹೊಸಪೇಟೆಯ ದಾರಿ ಹಿಡಿಯುತ್ತೇನೆ.

ಈ ಪತ್ರಕ್ಕೆ ಅಂಟು ಹಚ್ಚಿಲ್ಲ. ಕನ್ನಡ ಓದಲು ಬರುತ್ತದೆಯೆ ಎಂದು ಆಕೆಯನ್ನು ಕೇಳಿದೆ. ಪಿಯುಸಿ ಆಗಿದೆಯಂತೆ. ಆಕೆಯ ಕೈಯಲ್ಲೇ ಕೊಟ್ಟು ಹೋಗುತ್ತೇನೆ.