ಬೆಕ್ಕಿಗೆ ಬಿದ್ದ ಬೈಗುಳ

ವೇಸಾ,

ಕುಕ್ಸಾ ಅನ್ನೋ ಮರದ ಬಟ್ಟಲಿಗೆ ಅಗಸೆ ಎಣ್ಣೆ ತಿಕ್ಕಿದ ಚಿಂದೀನ ಮುದ್ದೆ ಮಾಡಿ ಬುಟ್ಟಿಗೆ ಎಸೆದಿದ್ದೆಯಲ್ಲ, ಅದು ಬೆಚ್ಚಗಿತ್ತು ಕಣೋ! ಒಲೆ ಹಚ್ಚಿಲ್ಲ, ಬಿಸಿಲೂ ಇಲ್ಲ. ಬೆಕ್ಕು ಮಲಗಿತ್ತೇನೋ ಅಂತ ಅದಕ್ಕೆ ಚೆನ್ನಾಗಿ ಬೈದೆ. ಕೂದಲು ಕೊಡವೋಣ ಅಂತ ಚಿಂದಿ ಬಿಡಿಸಿದರೆ ಒಂದು ಕೂದಲೂ ಇಲ್ಲ, ಒಳಗೆ ಸುಟ್ಟ ಕಲೆ, ಹೊಗೆ! ಬೆಂಕಿ ಇಟ್ಟವರು ಯಾರು? ಅಗಸೆ ಎಣ್ಣೆ ಚಿಂದಿ ಮುದ್ದೆಯಾಗಿದ್ದರೆ ತಾನೇ ಕಾದು ಹೊತ್ತಿಕೊಳ್ಳುತ್ತಂತೆ, ಹೇಗೋ ನನಗಿನ್ನೂ ತಲೆಬುಡ ತಿಳಿದಿಲ್ಲ.

ಚಿಂದಿ ನೀರಿನ ಬಕೆಟ್‌ನಲ್ಲಿದೆ, ತೆಗೀಬೇಡ. ಇನ್ನು ಮೇಲೆ ಅಂಗಳದ ಹಗ್ಗದ ಮೇಲೆ ಹರವು.

ಬಟ್ಟಲು ಅಂಟಂಟಾಗಿದೆ, ಮಿಕ್ಕ ಎಣ್ಣೆ ಒರೆಸಿ ಒಣಗಲು ಬಿಡು. ನಾಮಕರಣಕ್ಕೆ ಕೊಡೋದು, ಮಗು ಬಾಯಿಗೆ ಹಾಕದೆ ಬಿಡುತ್ತಾ?

ಬೆಕ್ಕು ಮುನಿಸಿಕೊಂಡು ಸೌನಾ ಹಬೆಮನೆ ಮೆಟ್ಟಿಲ ಕೆಳಗೆ ಕೂತಿದೆ, ನಾನು ಕರೆದರೆ ಬರುತ್ತಿಲ್ಲ. ಬಸ್ಸಿಗೆ ಹೊತ್ತಾಯಿತು. ಮೀನು ಹಾಕಿ, ಅಕ್ಕ ತಪ್ಪಾಯಿತು ಅಂದಳು ಅಂತ ನೀನೇ ಹೇಳು.

ನಿನ್ನ ಪಾಲಿನ ಬೈಗುಳ ಸಂಜೆ ಬಂದು ಕೊಡುತ್ತೇನೆ.

ಹಿಲ್ಮಾ